38 ಕೆಜಿಯ ಭೀಮ ಜರ್ಮನಿಗೆ ಹೋಗಬಹುದೇ? ಟಿಕೆಟ್‌ಗಿಂತ ಮೊದಲು ನೋಡಬೇಕಾದ ತಾರೀಖು

ಪ್ರಶ್ನೆ: ನಮ್ಮ ಮನೆಯವರಿಗೆ ಜರ್ಮನಿಯ ಫ್ರಾಂಕ್‌ಫರ್ಟ್ ಹತ್ತಿರ ಕೆಲಸ ಸಿಕ್ಕಿದೆ. ಜೂನ್ ಕೊನೆಗೆ ನಾವಿಬ್ಬರು, ಇಬ್ಬರು ಮಕ್ಕಳು ಹೊರಡಬೇಕು. ನಮ್ಮ ಲ್ಯಾಬ್ರಡಾರ್ ಭೀಮನಿಗೆ ಎಂಟು ವರ್ಷ, ತೂಕ 38 ಕೆಜಿ. ರೇಬೀಸ್ ಇಂಜೆಕ್ಷನ್ ಒಂದು ವರ್ಷವೂ ತಪ್ಪಿಸಿಲ್ಲ, ಈ ಜನವರಿಯಲ್ಲೂ ಹಾಕಿಸಿದ್ದೇವೆ. ಮೈಕ್ರೋಚಿಪ್ ಮಾತ್ರ ಹಾಕಿಸಿಲ್ಲ. ಒಬ್ಬ ಏಜೆಂಟ್ "ಇಪ್ಪತ್ತು ದಿನ ಸಾಕು, ಎಲ್ಲಾ ಪೇಪರ್ ನಾನೇ ಮಾಡಿಸಿಕೊಡ್ತೀನಿ" ಅಂತಾರೆ. ಪಕ್ಕದ ಮನೆಯವರು "ಲಗೇಜ್ ಜೊತೆ ಹಾಕ್ತಾರೆ, ಚಳಿಗೆ, ಗಾಳಿ ಇಲ್ಲದೆ ಸತ್ತೇ ಹೋಗುತ್ತೆ" ಅಂತ ಹೆದರಿಸಿದ್ದಾರೆ. ನಿದ್ದೆ ಮಾತ್ರೆ ಕೊಟ್ಟು ಕಳಿಸಬಹುದಾ? ನಮ್ಮ ಅತ್ತೆಗೆ 71 ವರ್ಷ. "ಇಲ್ಲೇ ಬಿಟ್ಟು ಹೋಗಿ, ನಾನು ನೋಡ್ಕೋತೀನಿ" ಅಂತಾರೆ. ಮಕ್ಕಳು ಆ ಮಾತು ಕೇಳಿದರೇ ಅಳುತ್ತಾರೆ. ಏನು ಮಾಡಲಿ?
(ಓದುಗರು, ವಿಜಯನಗರ, ಬೆಂಗಳೂರು)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಇವೆ. ಕರೆದುಕೊಂಡು ಹೋದರೆ ದಾರಿಯಲ್ಲಿ ಭೀಮನಿಗೆ ಏನಾದರೂ ಆಗಿಬಿಟ್ಟರೆ ಎಂಬುದು ಒಂದು. ಬಿಟ್ಟು ಹೋದರೆ ಅವನ ಕೈಬಿಟ್ಟ ಹಾಗಾಗುತ್ತದಲ್ಲ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಹೇಳುತ್ತೇನೆ. ಆದರೆ ಪಶುವೈದ್ಯನಾಗಿ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಬೇರೆ ಎರಡು ಮಾತಿನ ಮೇಲೆ. ಒಂದು "ಮೈಕ್ರೋಚಿಪ್ ಹಾಕಿಸಿಲ್ಲ". ಇನ್ನೊಂದು "ಜೂನ್ ಕೊನೆಗೆ". ಇವೆರಡೂ ಒಂದಕ್ಕೊಂದು ಕೂಡಿ ಬರುವುದಿಲ್ಲ. ಈಗ ಏಪ್ರಿಲ್ ಮೊದಲ ವಾರ. ನಾಳೆಯೇ ಶುರು ಮಾಡಿದರೂ ಭೀಮ ಆಗಸ್ಟ್‌ಗಿಂತ ಮೊದಲು ಜರ್ಮನಿಯೊಳಗೆ ಕಾಲಿಡುವ ಹಾಗಿಲ್ಲ. ದುಡ್ಡು ಕೊಟ್ಟರೂ, ಯಾರಿಂದ ಹೇಳಿಸಿದರೂ ಈ ಅವಧಿ ಕಡಿಮೆಯಾಗುವುದಿಲ್ಲ.

ಯಾಕೆ ಅಂತ ತಿಳಿದುಕೊಂಡರೆ ಏಜೆಂಟರ ಮಾತನ್ನು ನೀವೇ ಅಳೆದು ನೋಡಬಹುದು.

ರೇಬೀಸ್ ವಿಷಯದಲ್ಲಿ ಯುರೋಪಿಯನ್ ಒಕ್ಕೂಟ ಹೊರಗಿನ ದೇಶಗಳನ್ನು ಎರಡು ಗುಂಪು ಮಾಡಿದೆ. ರೋಗ ಹತೋಟಿಯಲ್ಲಿರುವ ದೇಶಗಳ ಪಟ್ಟಿ ಒಂದು. ಆ ಪಟ್ಟಿಯಲ್ಲಿ ಇಲ್ಲದ ದೇಶಗಳು ಇನ್ನೊಂದು. ಭಾರತ ಎರಡನೆಯ ಗುಂಪಿನಲ್ಲಿದೆ. ನಮ್ಮಲ್ಲಿ ಬೀದಿಗಳಲ್ಲಿ ರೇಬೀಸ್ ಇನ್ನೂ ಓಡಾಡುತ್ತಿದೆ, ಹಾಗಾಗಿ ಅವರ ಎಚ್ಚರಿಕೆಯಲ್ಲಿ ತಪ್ಪು ಕಾಣುವುದಿಲ್ಲ. ಈ ಗುಂಪಿನ ದೇಶದಿಂದ ಬರುವ ನಾಯಿಗೆ ಬರೀ ಲಸಿಕೆ ಸಾಲದು. ಲಸಿಕೆಯಿಂದ ಮೈಯಲ್ಲಿ ಸಾಕಷ್ಟು ಪ್ರತಿರೋಧ ಹುಟ್ಟಿದೆ ಎಂದು ರಕ್ತಪರೀಕ್ಷೆ ತೋರಿಸಬೇಕು. ಇದಕ್ಕೇ ಟೈಟರ್ ಟೆಸ್ಟ್ ಅನ್ನುವುದು. ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವಕ್ಕೆ ಸೀರಂ ಅಂತಾರೆ. ಒಂದು ಮಿಲಿಲೀಟರ್ ಸೀರಂನಲ್ಲಿ ರೋಗ ತಡೆಯುವ ಪ್ರತಿಕಾಯ ಕನಿಷ್ಠ 0.5 ಇಂಟರ್‌ನ್ಯಾಷನಲ್ ಯೂನಿಟ್ ಇರಬೇಕು. ಲಸಿಕೆ ಹಾಕಿ ಕನಿಷ್ಠ 30 ದಿನ ಆದ ಮೇಲೆ ರಕ್ತ ತೆಗೆಯಬೇಕು. ಆ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು.

ಮೂರು ತಿಂಗಳು ಯಾಕೆ ಅಂದರೆ, ರೇಬೀಸ್ ವೈರಸ್ ಮೈಗೆ ಸೇರಿದ ಮೇಲೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಆಗಲೇ ಸೋಂಕು ತಗುಲಿದ ನಾಯಿಗೆ ಆಮೇಲೆ ಲಸಿಕೆ ಹಾಕಿದರೆ ಪ್ರತಿಕಾಯವೂ ಕಾಣಬಹುದು, ರೋಗವೂ ಬರಬಹುದು. ಅಂಥ ನಾಯಿ ಇದ್ದರೆ ರೋಗ ಹೊರಡುವ ಮೊದಲೇ ಗಡಿ ದಾಟದಿರಲಿ ಎಂದು ಈ ಕಾಯುವ ಕಾಲ.

ಇನ್ನು ಚಿಪ್, ಅಂದರೆ ಚರ್ಮದ ಕೆಳಗೆ ಹಾಕುವ, ನಂಬರ್ ಇರುವ ಸಣ್ಣ ಗುರುತಿನ ಸಾಧನ. ಲಸಿಕೆ ಹಾಕಿದ್ದು ಇದೇ ನಾಯಿಗೆ ಎಂಬುದಕ್ಕೆ ಚಿಪ್ ಒಂದೇ ಗುರುತು. ಆದ್ದರಿಂದ ಚಿಪ್ ಹಾಕುವ ಮೊದಲು ಕೊಟ್ಟ ಲಸಿಕೆ ಲೆಕ್ಕಕ್ಕಿಲ್ಲ. ಎಂಟು ವರ್ಷ ನೀವು ತಪ್ಪದೆ ಹಾಕಿಸಿದ ಇಂಜೆಕ್ಷನ್‌ಗಳು ಭೀಮನ ಜೀವ ಕಾಪಾಡಿವೆ, ರಕ್ತಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೂ ತಂದುಕೊಡುತ್ತವೆ. ಆದರೆ ಜರ್ಮನಿಯ ಕಾಗದದ ಮಟ್ಟಿಗೆ ಅವನಿಗೆ ಇನ್ನೂ ಲಸಿಕೆಯೇ ಆಗಿಲ್ಲ. ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನದಂಡದ 15 ಅಂಕಿಯ ಚಿಪ್ ಹಾಕಿಸಿ, ಅದಾದ ಮೇಲೆ ರೇಬೀಸ್ ಲಸಿಕೆ ಮತ್ತೆ ಹಾಕಿಸಬೇಕು. ಎರಡೂ ಒಂದೇ ದಿನ ಮಾಡಿಸಬಹುದು, ಚಿಪ್ ಮೊದಲು ಆಗಿರಬೇಕು ಅಷ್ಟೇ. ಜನವರಿಯಲ್ಲಿ ಹಾಕಿಸಿದ್ದರೂ ಏಪ್ರಿಲ್‌ನಲ್ಲಿ ಮತ್ತೆ ಹಾಕಿಸುವುದರಿಂದ ಆರೋಗ್ಯವಂತ ನಾಯಿಗೆ ತೊಂದರೆ ಇಲ್ಲ.

ಈಗ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. ಏಪ್ರಿಲ್ 10ಕ್ಕೆ ಚಿಪ್ ಮತ್ತು ಲಸಿಕೆ ಆಯಿತು ಅಂತಿಟ್ಟುಕೊಳ್ಳೋಣ. ಮೇ 12ಕ್ಕೆ ರಕ್ತ. ಅಲ್ಲಿಂದ ಮೂರು ತಿಂಗಳು ಅಂದರೆ ಆಗಸ್ಟ್ 12. ಟಿಕೆಟ್ ಆಗಸ್ಟ್ 13ಕ್ಕೋ ಅದರ ನಂತರಕ್ಕೋ ಇರಲಿ. ಏಜೆಂಟರು ಹೇಳಿದ ಇಪ್ಪತ್ತು ದಿನ ಕೊನೆಯ ಹಂತದ ಓಡಾಟಕ್ಕೆ ಸಾಕಾಗಬಹುದು, ಈ ನಾಲ್ಕು ತಿಂಗಳನ್ನು ಮಾತ್ರ ಅದು ನುಂಗಿಹಾಕಲಾರದು. "ಚಿಪ್, ಲಸಿಕೆ ಹಳೆ ತಾರೀಖಿಗೆ ಹಾಕಿಸಿಕೊಡ್ತೀನಿ" ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ಕಾಗದ ಸುಳ್ಳು ಅಂತ ಫ್ರಾಂಕ್‌ಫರ್ಟ್‌ನಲ್ಲಿ ಗೊತ್ತಾದರೆ ನಾಯಿಯನ್ನು ವಾಪಸ್ ಕಳಿಸಬಹುದು, ನಿಮ್ಮ ಖರ್ಚಿನಲ್ಲಿ ಪ್ರತ್ಯೇಕವಾಗಿ ಇಡಬಹುದು. ಎರಡೂ ಆಗದಿದ್ದರೆ ಕೊನೆಯ ದಾರಿಯಾಗಿ ದಯಾಮರಣಕ್ಕೂ ಅವರ ನಿಯಮದಲ್ಲಿ ಅವಕಾಶ ಇದೆ. ಹೆದರಿಸಲು ಹೇಳುತ್ತಿಲ್ಲ. ಇದರ ಬೆಲೆ ತೆರುವವನು ಏಜೆಂಟ್ ಅಲ್ಲ, ಭೀಮ.

ರಕ್ತಪರೀಕ್ಷೆ ಎಲ್ಲಿ ಬೇಕಾದರೂ ಮಾಡಿಸುವಂಥದ್ದಲ್ಲ. ಯುರೋಪಿಯನ್ ಒಕ್ಕೂಟ ಒಪ್ಪಿದ ಲ್ಯಾಬ್‌ಗಳ ಪಟ್ಟಿ ಅವರ ಅಧಿಕೃತ ತಾಣದಲ್ಲಿದೆ. ಆ ಲ್ಯಾಬ್‌ಗಳ ಗುಣಮಟ್ಟ ನೋಡುವುದು ಫ್ರಾನ್ಸಿನ ನ್ಯಾನ್ಸಿಯಲ್ಲಿರುವ ಸಂಸ್ಥೆ. ನಿಮ್ಮ ಡಾಕ್ಟರ್ ಯಾವ ಲ್ಯಾಬ್ ಹೆಸರು ಹೇಳುತ್ತಾರೋ ಅದು ಪಟ್ಟಿಯಲ್ಲಿದೆಯಾ ಅಂತ ರಕ್ತ ತೆಗೆಸುವ ವಾರವೇ ನೀವೇ ನೋಡಿಕೊಳ್ಳಿ. ರಕ್ತವನ್ನು ಹಾಗೇ ಕಳಿಸುವುದಿಲ್ಲ. ಸೀರಂ ಬೇರ್ಪಡಿಸಿ, ತಣ್ಣಗಿಟ್ಟು ಕಳಿಸಬೇಕು. ಕೆಂಪು ಕಣ ಒಡೆದು ಸೀರಂ ಕೆಂಪಾದರೆ ಲ್ಯಾಬ್ ತಿರಸ್ಕರಿಸಬಹುದು. ಆಗ ಹೊಸದಾಗಿ ರಕ್ತ ತೆಗೆಯಬೇಕು, ಮೂರು ತಿಂಗಳ ಎಣಿಕೆಯೂ ಹೊಸದಾಗಿ ಶುರು.

ಇಲ್ಲಿ ಒಂದು ಸಣ್ಣ ಕೆಲಸ ಇದೆ. ನಾನು ಇದನ್ನು ಯಾವತ್ತೂ ಅವಸರದಲ್ಲಿ ಮಾಡುವುದಿಲ್ಲ. ರಕ್ತ ತೆಗೆಯುವ ಮುಂಚೆ ನಾಯಿಯ ಹೆಗಲಿನ ಮೇಲೆ ಸ್ಕ್ಯಾನರ್ ಆಡಿಸಿ ಚಿಪ್ ಓದಬೇಕು. ಒಬ್ಬರು ಸ್ಕ್ಯಾನರ್ ನೋಡಿ 15 ಅಂಕಿಗಳನ್ನೂ ಒಂದೊಂದಾಗಿ ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಲ್ಯಾಬ್ ಫಾರಂ ಮೇಲೆ ಬೆರಳಿಟ್ಟು ನೋಡಬೇಕು. ಆಮೇಲೆ ಲಸಿಕೆ ಪುಸ್ತಕ, ಆಮೇಲೆ ರಕ್ತದ ಟ್ಯೂಬಿನ ಮೇಲಿನ ಚೀಟಿ. 6 ಇದ್ದ ಕಡೆ 8 ಬಿದ್ದರೆ ಆ ರಿಪೋರ್ಟ್ ಬೇರೆ ಯಾವುದೋ ನಾಯಿಯದು ಅಂತಾಗುತ್ತದೆ. ದೊಡ್ಡ ಕಾನೂನಿನ ತೊಡಕಿಗಿಂತ ಇಂಥ ಒಂದು ಅಂಕಿಯೇ ಜನರನ್ನು ಜಾಸ್ತಿ ಅಳಿಸುತ್ತದೆ. ಚಿಪ್ ಕೆಲವೊಮ್ಮೆ ಚರ್ಮದ ಕೆಳಗೆ ಜರುಗಿ ಭುಜದ ಕಡೆಗೆ ಇಳಿದಿರುತ್ತದೆ. ಬೆನ್ನಿನ ಮೇಲೆ ಸಿಗದಿದ್ದರೆ ಪಕ್ಕಕ್ಕೂ ಆಡಿಸಿ ನೋಡಲು ಹೇಳಿ.

ಕೊನೆಯ ಕಾಗದ ಸರ್ಕಾರಿ ಪಶುವೈದ್ಯಾಧಿಕಾರಿ ಸಹಿ ಮಾಡುವ ಯುರೋಪಿಯನ್ ಮಾದರಿಯ ಆರೋಗ್ಯ ಪ್ರಮಾಣಪತ್ರ. ಇದನ್ನು ಕೊಡುವುದು ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿ, ಎಕ್ಯೂಸಿಎಸ್ ಅಂತಾರೆ. ಬೆಂಗಳೂರಿನಲ್ಲೇ ಇದೆ. ಸಹಿಯಾದ ಹತ್ತು ದಿನದೊಳಗೆ ನಾಯಿ ಯುರೋಪಿಗೆ ಕಾಲಿಡಬೇಕು. ಹಾಗಾಗಿ ಮೊದಲೇ ಮಾಡಿಸಿಟ್ಟುಕೊಂಡರೆ ಉಪಯೋಗವಿಲ್ಲ. ಟಿಕೆಟ್ ತಾರೀಖು ಗೊತ್ತಾದ ಕೂಡಲೇ ಭೇಟಿಯ ದಿನ ಗೊತ್ತು ಮಾಡಿಕೊಳ್ಳಿ. ನಡುವೆ ಸರ್ಕಾರಿ ರಜೆ ಬಂದರೆ ಎರಡು ದಿನ ಹೋಗುತ್ತದೆ, ಆಗಸ್ಟ್ 15 ಅಂತೂ ನಿಮ್ಮ ದಾರಿಯಲ್ಲೇ ಇದೆ.

ಹಾಗಾದರೆ ಜೂನ್ ಪ್ರಯಾಣ ಏನು ಮಾಡುವುದು? ಇಲ್ಲಿ ಇನ್ನೊಂದು ನಿಯಮ ಗೊತ್ತಿರಲಿ. ಸಾಕುನಾಯಿ ಅಂತ ಸುಲಭದ ದಾರಿಯಲ್ಲಿ ಹೋಗಬೇಕಾದರೆ ಮಾಲೀಕರ ಪ್ರಯಾಣದ ಹಿಂದಿನ ಅಥವಾ ಮುಂದಿನ ಐದು ದಿನದೊಳಗೆ ಅದು ಪ್ರಯಾಣ ಮಾಡಬೇಕು. ನೀವೆಲ್ಲ ಜೂನ್‌ನಲ್ಲಿ ಹೋಗಿ ನಾಯಿ ಮಾತ್ರ ಆಗಸ್ಟ್‌ನಲ್ಲಿ ಕಾರ್ಗೋದಲ್ಲಿ ಬಂದರೆ ಅದನ್ನು ವ್ಯಾಪಾರದ ಸಾಗಣೆ ಅಂತ ಎಣಿಸುತ್ತಾರೆ. ಆ ನಿಯಮಗಳು ಬೇರೆ, ತುಂಬಾ ಬಿಗಿ. "ನೀವು ಹೋಗಿ, ನಾನು ಆಮೇಲೆ ಕಳಿಸ್ತೀನಿ" ಅನ್ನುವವರು ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ.

ನನ್ನ ಸಲಹೆ ಇದು. ನಿಮ್ಮ ಯಜಮಾನರು ಜೂನ್‌ನಲ್ಲಿ ಹೋಗಲಿ. ಕೆಲಸಕ್ಕೆ ಸೇರಿ, ನಾಯಿಗೆ ಒಪ್ಪಿಗೆ ಇರುವ ಬಾಡಿಗೆ ಮನೆ ಹುಡುಕಲಿ. ನೀವು, ಮಕ್ಕಳು, ಭೀಮ ಆಗಸ್ಟ್ ಮಧ್ಯದಲ್ಲಿ ಒಂದೇ ವಿಮಾನದಲ್ಲಿ ಹೋಗಿ. ಎಲ್ಲ ಕಾಗದದಲ್ಲೂ ಮಾಲೀಕರು ಅಂತ ನಿಮ್ಮ ಹೆಸರೇ ಇರಲಿ, ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ. ಚಿಪ್ ಹಾಕಿಸುವ ದಿನವೇ ಈ ತೀರ್ಮಾನ ಆಗಿರಬೇಕು. ಮಕ್ಕಳ ಶಾಲೆಗೆ ಜೂನ್‌ನಲ್ಲೇ ಹೋಗುವುದು ಅನಿವಾರ್ಯ ಅಂದರೆ, ಭೀಮನನ್ನು ಅತ್ತೆಯವರ ಹತ್ತಿರ ಎರಡು ತಿಂಗಳು ಬಿಟ್ಟು, ಆಗಸ್ಟ್‌ನಲ್ಲಿ ನೀವಿಬ್ಬರಲ್ಲಿ ಮಾಲೀಕರಾದವರು ಬಂದು ಜೊತೆಯಲ್ಲಿ ಕರೆದುಕೊಂಡು ಹೋಗಬೇಕು. ಒಂದು ಟಿಕೆಟ್ ಜಾಸ್ತಿ ಖರ್ಚು. ಆದರೂ ಒಂಟಿಯಾಗಿ ಕಳಿಸುವುದಕ್ಕಿಂತ ನೂರು ಪಾಲು ಮೇಲು.

ಈಗ ವಿಮಾನದ ಭಯಕ್ಕೆ ಬರೋಣ. 38 ಕೆಜಿಯ ನಾಯಿ ನಿಮ್ಮ ಕಾಲ ಬಳಿ ಕೂರುವ ಹಾಗಿಲ್ಲ. ಕ್ಯಾಬಿನ್‌ನಲ್ಲಿ ಬಿಡುವುದು ಚಿಕ್ಕ ನಾಯಿಗಳನ್ನು ಮಾತ್ರ. ಯುರೋಪಿನ ದೊಡ್ಡ ಕಂಪನಿಗಳಲ್ಲಿ ಚೀಲವೂ ಸೇರಿ 8 ಕೆಜಿ ಆಸುಪಾಸಿನ ಮಿತಿ ಇರುತ್ತದೆ. ಭೀಮ ಕೆಳಗಿನ ಹೋಲ್ಡ್‌ನಲ್ಲೇ, ಅಂದರೆ ವಿಮಾನದ ಹೊಟ್ಟೆಯಲ್ಲಿ ಸಾಮಾನು ಇಡುವ ಜಾಗದಲ್ಲೇ ಹೋಗಬೇಕು.

ಪಕ್ಕದ ಮನೆಯವರು ಹೇಳಿದ್ದರಲ್ಲಿ "ಕೆಳಗೆ" ಅನ್ನುವುದು ನಿಜ, "ಗಾಳಿ ಇಲ್ಲದೆ" ಅನ್ನುವುದು ಸುಳ್ಳು. ಜನ ಕೂರುವ ಜಾಗಕ್ಕೂ ಪ್ರಾಣಿಗಳನ್ನಿಡುವ ಹೋಲ್ಡ್‌ಗೂ ಗಾಳಿಯ ಒತ್ತಡ ಒಂದೇ. ಹೆಚ್ಚೆಂದರೆ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟು ತೆಳು ಗಾಳಿ. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್, ಅದಕ್ಕಿಂತ ಸ್ವಲ್ಪ ಮೇಲೆ ಹತ್ತಿ ಕೂತ ಹಾಗೆ. ನಾಯಿ ಇಡುವ ಭಾಗವನ್ನು ಬೆಚ್ಚಗಿಡುವ ವ್ಯವಸ್ಥೆಯೂ ಇರುತ್ತದೆ. ಜೀವ ಇರುವ ಪ್ರಾಣಿ ಹತ್ತಿದೆ ಅಂತ ಪೈಲಟ್‌ಗೆ ಲಿಖಿತವಾಗಿ ತಿಳಿಸಿರುತ್ತಾರೆ. ಕತ್ತಲು, ಎಂಜಿನ್ ಸದ್ದು, ಒಂಟಿತನ ಇವೆ, ಇಲ್ಲ ಅನ್ನುವುದಿಲ್ಲ.

ನಿಜವಾದ ಅಪಾಯ ಹಾರುವಾಗ ಕಡಿಮೆ, ನೆಲದ ಮೇಲೆ ಜಾಸ್ತಿ. ನಾಯಿ ನಮ್ಮ ಹಾಗೆ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ವಿಮಾನ ನಿಲ್ಲುವ, ಬಿಸಿಲಿಗೆ ಕಾದ ಅಂಗಳದಲ್ಲಿ ಕ್ರೇಟ್ (ನಾಯಿಯನ್ನಿಡುವ ಗೂಡಿನಂಥ ಪೆಟ್ಟಿಗೆ) ನಿಂತಿದ್ದರೆ, ಒಳಗೆ ನಾಯಿ ಗಾಬರಿಯಲ್ಲಿ ಏದುಸಿರು ಬಿಡುತ್ತಿದ್ದರೆ, ಆ ಉಸಿರಿನ ಬಿಸಿ ಮತ್ತು ತೇವ ಕ್ರೇಟ್‌ನಲ್ಲೇ ತುಂಬಿಕೊಳ್ಳುತ್ತದೆ. ಎಷ್ಟು ಏದುಸಿರು ಬಿಟ್ಟರೂ ಮೈ ತಣಿಯುವುದಿಲ್ಲ. ನಾಯಿಗಳು ಸಾಯುವುದು ಚಳಿಗಿಂತ ಹೀಗೆ ಜಾಸ್ತಿ. ಮೂತಿ ಚಪ್ಪಟೆಯಾಗಿರುವ ಪಗ್, ಬುಲ್‌ಡಾಗ್‌ಗಳ ಉಸಿರಿನ ದಾರಿಯೇ ಇಕ್ಕಟ್ಟು, ಅವಕ್ಕೆ ಅಪಾಯ ಇನ್ನೂ ಹೆಚ್ಚು. 2005ರಿಂದ 2010ರ ನಡುವೆ ವಿಮಾನ ಪ್ರಯಾಣದಲ್ಲಿ ಸತ್ತ ನಾಯಿಗಳ ಲೆಕ್ಕವನ್ನು ಅಮೆರಿಕದ ಸಾರಿಗೆ ಇಲಾಖೆ ಕೊಟ್ಟಾಗ, ಒಟ್ಟು 122ರಲ್ಲಿ ಸುಮಾರು ಅರ್ಧ ಇಂಥ ಜಾತಿಯವೇ ಆಗಿದ್ದವು. ಲ್ಯಾಬ್ರಡಾರ್ ಮೂತಿ ಉದ್ದ. ಆ ಮಟ್ಟಿಗೆ ಭೀಮನಿಗೆ ಅನುಕೂಲ.

ಹಾಗಾಗಿ ನೇರ ವಿಮಾನ ಹಿಡಿಯಿರಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ, ಸುಮಾರು ಹತ್ತು ಗಂಟೆಯ ಪ್ರಯಾಣ. ಫ್ರಾಂಕ್‌ಫರ್ಟ್ ನಿಲ್ದಾಣದಲ್ಲಿ ಪ್ರಾಣಿಗಳಿಗೆಂದೇ ದೊಡ್ಡ ತಂಗುದಾಣ, ಪಶುವೈದ್ಯ ತಪಾಸಣೆಯ ವ್ಯವಸ್ಥೆ ಇದೆ. ಟಿಕೆಟ್ ಅಗ್ಗ ಅಂತ ಕೊಲ್ಲಿ ದೇಶದಲ್ಲಿ ಇಳಿದು ಹತ್ತುವ ದಾರಿ ಬೇಡ. ಆಗಸ್ಟ್‌ನಲ್ಲಿ ಅಲ್ಲಿ 40 ಡಿಗ್ರಿ ದಾಟಿರುತ್ತದೆ. ಪ್ರತಿ ಇಳಿತ, ಪ್ರತಿ ಹತ್ತುವಿಕೆ ಅಂದರೆ ಕಾದ ಅಂಗಳದಲ್ಲಿ ಇನ್ನೊಂದು ಕಾಯುವಿಕೆ. ಬೆಂಗಳೂರಿನ ಆಗಸ್ಟ್ ರಾತ್ರಿ ತಂಪು, ರಾತ್ರಿ ಹೊರಡುವ ವಿಮಾನವೇ ಒಳ್ಳೆಯದು.

ನಿದ್ದೆ ಮಾತ್ರೆ ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ. ನಿಮ್ಮ ಉದ್ದೇಶ ಅರ್ಥವಾಗುತ್ತದೆ, ಅವನಿಗೆ ಏನೂ ಗೊತ್ತಾಗದ ಹಾಗೆ ದಾರಿ ಕಳೆದುಹೋಗಲಿ ಅಂತ. ಆದರೆ ಮಂಪರು ಬರಿಸುವ ಔಷಧಿಗಳು, ಮುಖ್ಯವಾಗಿ ನಮ್ಮಲ್ಲಿ ಜಾಸ್ತಿ ಬಳಸುವ ಏಸ್‌ಪ್ರೊಮಜಿನ್, ರಕ್ತದೊತ್ತಡ ಇಳಿಸುತ್ತವೆ, ಮೈಯ ಬಿಸಿ ಕಾಯ್ದುಕೊಳ್ಳುವ ಶಕ್ತಿ ಕೆಡಿಸುತ್ತವೆ. ವಿಮಾನ ವಾಲಿದಾಗ ನಾಯಿ ಕಾಲೂರಿ ನಿಲ್ಲಲಾರದು. ವಾಂತಿಯಾದರೆ ಶ್ವಾಸಕೋಶಕ್ಕೆ ಹೋಗಬಹುದು. ಏನಾದರೂ ಆದರೆ ನೋಡುವವರು ಅಲ್ಲಿ ಯಾರೂ ಇರುವುದಿಲ್ಲ. ಅಮೆರಿಕದ ಪಶುವೈದ್ಯರ ಸಂಘವೂ, ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘಟನೆಯಾದ ಐಎಟಿಎ ಕೂಡ ಬೇಡ ಅನ್ನುತ್ತವೆ. ತೂಕಡಿಸುತ್ತಿರುವ ನಾಯಿಯನ್ನು ಕೌಂಟರಿನಲ್ಲೇ ವಾಪಸ್ ಕಳಿಸುತ್ತಾರೆ. ಮೆಡಿಕಲ್ ಶಾಪಿನಿಂದ ಮನುಷ್ಯರ ಮಾತ್ರೆ ತಂದು ಅರ್ಧ ಮುರಿದು ಕೊಡುವುದಂತೂ ಬೇಡವೇ ಬೇಡ.

ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುವುದು ಕ್ರೇಟ್‌ನ ಅಭ್ಯಾಸ. ಮೂರು ತಿಂಗಳು ಕಾಯಬೇಕಲ್ಲ, ಅದನ್ನು ಇದಕ್ಕೇ ಇಡಿ. ಅಭ್ಯಾಸ ಇಲ್ಲದ ನಾಯಿಯನ್ನು ಹೊರಡುವ ದಿನ ಹೊಸ ಕ್ರೇಟ್‌ಗೆ ತಳ್ಳಿ ಬಾಗಿಲು ಹಾಕಿದರೆ ಅದು ಹೊರಬರಲು ಜೀವ ಬಿಟ್ಟು ಹೋರಾಡುತ್ತದೆ. ಕಂಬಿ ಕಚ್ಚಿ ಕೋರೆಹಲ್ಲು ಮುರಿದುಕೊಂಡ, ಮೂಗಿನ ಮೇಲಿನ ಚರ್ಮ ಉಜ್ಜಿ ಕಿತ್ತುಕೊಂಡ, ಉಗುರು ಬುಡದಿಂದ ಕಿತ್ತುಕೊಂಡ ನಾಯಿಗಳಿಗೆ ಚಿಕಿತ್ಸೆ ಕೊಟ್ಟಿದ್ದೇನೆ. ಅವುಗಳ ಕಾಗದಗಳೆಲ್ಲ ಸರಿಯಾಗಿಯೇ ಇದ್ದವು.

ಮೊದಲು ಅಳತೆ. ಭೀಮ ನೇರವಾಗಿ ನಿಂತಿರುವಾಗ ಟೇಪು ಹಿಡಿದು ನೋಡಿ. ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಕೂಡಿಸಿದರೆ ಕ್ರೇಟ್‌ನ ಒಳ ಉದ್ದ. ಭುಜದ ಅಗಲದ ಎರಡರಷ್ಟು ಕ್ರೇಟ್‌ನ ಅಗಲ. ನಿಂತಾಗ ತಲೆಯ ಅಥವಾ ಕಿವಿಯ ತುದಿ, ಯಾವುದು ಮೇಲಿದೆಯೋ ಅಷ್ಟು ಎತ್ತರ, ಜೊತೆಗೆ ಹಾಸಿನ ದಪ್ಪ. ಇದು ಐಎಟಿಎ ಲೆಕ್ಕ. ಮೂಗಿನಿಂದ ಬಾಲಕ್ಕೆ 88 ಸೆಂಟಿಮೀಟರ್, ಮೊಣಕೈಗೆ 34 ಅಂತಿಟ್ಟುಕೊಳ್ಳಿ. ಆಗ 105 ಬೇಕು. ಮಾರುಕಟ್ಟೆಯಲ್ಲಿ ಲ್ಯಾಬ್ರಡಾರ್ ಸೈಜ್ ಅಂತ ಮಾರುವ ಕ್ರೇಟ್ ಸುಮಾರು 102 ಉದ್ದ, 69 ಅಗಲ, 76 ಎತ್ತರ ಇರುತ್ತದೆ. ಮೂರು ಸೆಂಟಿಮೀಟರ್ ತಾನೇ ಅಂತ ಅದನ್ನೇ ತಂದರೆ ಕೌಂಟರಿನಲ್ಲಿ ಬೇಡ ಅನ್ನುತ್ತಾರೆ. ಮುಂದಿನ ಸೈಜ್ 122, 81, 89 ಆಸುಪಾಸು.

ಖರ್ಚಿನ ವ್ಯತ್ಯಾಸ ಬರುವುದು ಇಲ್ಲೇ. ಕಾರ್ಗೋದಲ್ಲಿ ನಾಯಿಯ ತೂಕಕ್ಕೆ ದುಡ್ಡು ಹಾಕುವುದಿಲ್ಲ, ಕ್ರೇಟ್ ಹಿಡಿಯುವ ಜಾಗಕ್ಕೆ ಹಾಕುತ್ತಾರೆ. ಉದ್ದ, ಅಗಲ, ಎತ್ತರ ಗುಣಿಸಿ 6,000ದಿಂದ ಭಾಗಿಸಿದರೆ ಬರುವ ಕೆಜಿ. ಚಿಕ್ಕ ಕ್ರೇಟ್‌ಗೆ 89 ಕೆಜಿ, ದೊಡ್ಡದಕ್ಕೆ ಸುಮಾರು 147 ಕೆಜಿ. ಏಜೆಂಟ್ ಚಿಕ್ಕ ಕ್ರೇಟ್ ಲೆಕ್ಕದಲ್ಲಿ ಕಡಿಮೆ ದರ ಹೇಳಿ, ಆಮೇಲೆ ಏರಿಸುವುದು ಹೀಗೆ. ಯಾವ ಸೈಜ್ ಕ್ರೇಟ್‌ಗೆ ಈ ದರ ಅಂತ ಬರೆಸಿಕೊಳ್ಳಿ. ನೀವೂ ಅದೇ ವಿಮಾನದಲ್ಲಿ ಇದ್ದರೆ ಕೆಲವು ಕಂಪನಿಗಳು ಹೆಚ್ಚುವರಿ ಲಗೇಜ್ ರೂಪದಲ್ಲಿ ನಾಯಿಯನ್ನು ಒಪ್ಪುತ್ತವೆ. ಇಡುವ ಜಾಗ ಹೆಚ್ಚುಕಡಿಮೆ ಅದೇ, ಆದರೆ ಖರ್ಚು ಕಡಿಮೆ, ಕ್ರೇಟ್‌ನಲ್ಲಿ ಕಳೆಯುವ ಒಟ್ಟು ಸಮಯವೂ ಕಡಿಮೆ. ಕಾರ್ಗೋ ಆದರೆ ಗಂಟೆಗಟ್ಟಲೆ ಮೊದಲೇ ಒಪ್ಪಿಸಬೇಕು, ಆ ಕಡೆ ಬಿಡಿಸಿಕೊಳ್ಳುವುದಕ್ಕೂ ಸಮಯ ಬೇಕು. ಆದ್ದರಿಂದ ಮೊದಲು ವಿಮಾನ ಕಂಪನಿಯನ್ನೇ ನೇರವಾಗಿ ಕೇಳಿ. ಒಂದು ವಿಮಾನಕ್ಕೆ ಇಂತಿಷ್ಟೇ ಪ್ರಾಣಿ ಅಂತ ಮಿತಿ ಇರುತ್ತದೆ. ನಾಯಿಗೆ ಜಾಗ ಖಾತ್ರಿಯಾದ ಮೇಲೆ ನಿಮ್ಮ ಸೀಟು ಖಚಿತ ಮಾಡಿ.

ಕ್ರೇಟ್ ಮನೆಗೆ ಬಂದ ಮೇಲೆ ಬಾಗಿಲು ಕಳಚಿ ಹಾಲ್‌ನಲ್ಲಿ ಇಡಿ. ಒಳಗೆ ನೀವು ಉಟ್ಟು ಬಿಟ್ಟ ಹಳೆ ಕಾಟನ್ ಸೀರೆ ಹಾಸಿ. ಊಟದ ತಟ್ಟೆ ಮೊದಲು ಕ್ರೇಟ್‌ನ ಬಾಯಿಯ ಹತ್ತಿರ, ಕೆಲವು ದಿನಕ್ಕೆ ಒಳಗೆ, ಆಮೇಲೆ ಹಿಂಬದಿಯ ಗೋಡೆಯ ಹತ್ತಿರ. ತಾನಾಗಿ ಒಳಗೆ ಹೋಗಿ ಮಲಗತೊಡಗಿದ ಮೇಲೆ ಬಾಗಿಲು ಸೇರಿಸಿ. ಮೊದಲು ಅವನು ತಿನ್ನುವಷ್ಟು ಹೊತ್ತು ಮಾತ್ರ ಮುಚ್ಚಿ. ನಿಧಾನಕ್ಕೆ ಹೆಚ್ಚಿಸಿ, ರಾತ್ರಿಯ ನಿದ್ದೆಯೂ ಅಲ್ಲೇ ಆಗುವ ಹಾಗೆ ನೋಡಿ. ಅತ್ತರೆ, ಪರಚಿದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಗದರಬೇಡಿ. ಮಕ್ಕಳಿಗೆ ಈ ಕೆಲಸ ಒಪ್ಪಿಸಿ. ಅಳುವ ಮಕ್ಕಳಿಗೆ ಭೀಮನಿಗಾಗಿ ಮಾಡುವುದಕ್ಕೆ ಏನಾದರೂ ಸಿಕ್ಕರೆ ಅವರ ಭಯವೂ ಇಳಿಯುತ್ತದೆ. ಜುಲೈ ಹೊತ್ತಿಗೆ ಕ್ರೇಟ್ ಸಮೇತ ದೊಡ್ಡ ಗಾಡಿಯಲ್ಲಿ ಒಂದೆರಡು ಗಂಟೆ ಸುತ್ತಾಡಿಸಿ ಬನ್ನಿ, ಅಲುಗಾಟ, ಸದ್ದು ರೂಢಿಯಾಗಲಿ.

ಮೇಲಿನ ಅರ್ಧ, ಕೆಳಗಿನ ಅರ್ಧ ಸೇರುವಲ್ಲಿ ಪ್ಲಾಸ್ಟಿಕ್ ಕ್ಲಿಪ್ ಇದ್ದರೆ ತೆಗೆದು ಲೋಹದ ನಟ್ಟು ಬೋಲ್ಟು ಹಾಕಿಸಿ. ಚಕ್ರ ಇದ್ದರೆ ಕಳಚಿ. ನೀರಿನ ಬಟ್ಟಲು ಬಾಗಿಲಿಗೆ ಬಿಗಿದಿರಬೇಕು, ಹೊರಗಿನಿಂದಲೇ ನೀರು ತುಂಬುವ ಹಾಗಿರಬೇಕು. ಹಿಂದಿನ ರಾತ್ರಿ ಅದರಲ್ಲಿ ನೀರು ಹಾಕಿ ಫ್ರೀಜರ್‌ನಲ್ಲಿಟ್ಟರೆ, ಎತ್ತಿ ಇಳಿಸುವಾಗ ಚೆಲ್ಲದೆ ನಿಧಾನಕ್ಕೆ ಕರಗುತ್ತದೆ.

ಇನ್ನು ಭೀಮನ ವಯಸ್ಸು. ಎಂಟು ಅನ್ನುವುದು ಲ್ಯಾಬ್ರಡಾರ್‌ಗೆ ಮುಪ್ಪಿನ ಹೊಸಿಲು. ವಯಸ್ಸಾಯಿತು ಅಂತಲೇ ಪ್ರಯಾಣ ಬೇಡ ಅನ್ನುವುದಿಲ್ಲ. ಆದರೆ ಮೂರು ವಿಷಯ ನೋಡದೆ ಒಪ್ಪಿಗೆಯನ್ನೂ ಕೊಡುವುದಿಲ್ಲ.

ಮೊದಲನೆಯದು ಗಂಟಲು. ಎಂಟು ಒಂಬತ್ತು ದಾಟಿದ ಲ್ಯಾಬ್ರಡಾರ್‌ಗಳಲ್ಲಿ ಧ್ವನಿಪೆಟ್ಟಿಗೆಯ ಸ್ನಾಯು ಸೋಲುವ ಒಂದು ಕಾಯಿಲೆ ಇದೆ. ಉಸಿರು ಎಳೆದುಕೊಳ್ಳುವಾಗ ತೆರೆದುಕೊಳ್ಳಬೇಕಾದ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ಬೊಗಳುವ ದನಿ ಒಡಕಾಗುತ್ತದೆ, ಉಸಿರು ಎಳೆದಾಗ ಕರಕರ ಸದ್ದು ಬರುತ್ತದೆ, ನೀರು ಕುಡಿದಾಗ ಕೆಮ್ಮುತ್ತದೆ, ವಾಕಿಂಗ್‌ನಲ್ಲಿ ಬೇಗ ಸುಸ್ತಾಗುತ್ತದೆ. ಮನೆಯವರು "ವಯಸ್ಸಾಯ್ತು" ಅಂತ ಸುಮ್ನೆ ಬಿಟ್ಟಿರುತ್ತಾರೆ. ಮನೆಯಲ್ಲಿ ಇದ್ದಾಗ ನಿಭಾಯಿಸುವ ಇಂಥ ನಾಯಿ, ಬಿಸಿ ಮತ್ತು ಗಾಬರಿ ಒಟ್ಟಿಗೆ ಬಂದರೆ ಉಸಿರು ಸಿಗದೆ ಕುಸಿಯುತ್ತದೆ. ಭೀಮನಿಗೆ ಇದರ ಲಕ್ಷಣ ಇದ್ದರೆ ವಿಮಾನ ಬೇಡ, ಖಂಡಿತ ಬೇಡ.

ಎರಡನೆಯದು ಹೃದಯ. ಡಾಕ್ಟರ್ ಹತ್ತಿರ ಪರೀಕ್ಷೆ ಮಾಡಿಸಿ. ಮನೆಯಲ್ಲೂ ಒಂದು ಕೆಲಸ ಮಾಡಿ. ಅವನು ಗಾಢವಾಗಿ ಮಲಗಿರುವಾಗ ಪಕ್ಕೆ ಮೇಲೇಳುವುದನ್ನು ಒಂದು ನಿಮಿಷ ಎಣಿಸಿ. ನಿದ್ದೆಯಲ್ಲಿ 30ರೊಳಗೆ ಇರಬೇಕು. ಕೆಲವು ರಾತ್ರಿ ಎಣಿಸಿ ಬರೆದಿಡಿ, ಡಾಕ್ಟರಿಗೆ ತೋರಿಸಿ. ಜೊತೆಗೆ ರಕ್ತದ ಪ್ಲೇಟ್‌ಲೆಟ್ ಎಣಿಕೆಯೂ ಆಗಲಿ. ನಮ್ಮೂರಿನ ನಾಯಿಗಳಲ್ಲಿ ಉಣ್ಣಿ ಕಚ್ಚಿ ಬರುವ ಟಿಕ್ ಫೀವರ್ ಒಳಗೊಳಗೇ ಇದ್ದು, ಮೈಗೆ ಆಯಾಸವಾದಾಗ ತಲೆ ಎತ್ತುತ್ತದೆ.

ಮೂರನೆಯದು ತೂಕ. ಗಂಡು ಲ್ಯಾಬ್ರಡಾರ್‌ಗೆ 38 ಕೆಜಿ ಜಾಸ್ತಿಯೇ. ಕೊಬ್ಬು ಉಸಿರಾಟಕ್ಕೂ ಭಾರ, ಮೈ ತಣಿಯುವುದಕ್ಕೂ ಅಡ್ಡಿ. ಬಿಸ್ಕತ್ತು, ಚಪಾತಿ ಚೂರು, ಎಲ್ಲರ ಊಟ ಆದ ಮೇಲಿನ ಮೊಸರನ್ನ, ಇವನ್ನು ಇವತ್ತಿಂದಲೇ ನಿಲ್ಲಿಸಿ. ಆಗಸ್ಟ್ ಹೊತ್ತಿಗೆ 34ಕ್ಕೆ ಇಳಿದರೆ ಸಾಕು. ವಾರಕ್ಕೆ ಕಾಲು ಕೆಜಿ ಸಾಕು, ಉಪವಾಸ ಕೆಡವಬೇಡಿ.

ಈ ಪರೀಕ್ಷೆಗಳಲ್ಲಿ ಏನಾದರೂ ಸಿಕ್ಕರೆ, ಆಗ ಅತ್ತೆಯವರ ಮಾತಿಗೆ ಬರೋಣ. ಅವರು ಒಳ್ಳೆಯ ಮನಸ್ಸಿನಿಂದ ಹೇಳಿದ್ದಾರೆ. ವಯಸ್ಸಾದ, ಕಾಯಿಲೆ ಇರುವ ನಾಯಿಗೆ ತನಗೆ ಗೊತ್ತಿರುವ ಮನೆ, ಗೊತ್ತಿರುವ ಬೀದಿ, ಗೊತ್ತಿರುವ ಕೈ ಸಿಗುವುದು ಚಿಕ್ಕ ವಿಷಯ ಅಲ್ಲ. ಅದನ್ನು ಕೈಬಿಟ್ಟದ್ದು ಅಂತ ನಾನು ಅನ್ನುವುದಿಲ್ಲ. ಆದರೆ 71 ವರ್ಷದವರು 38 ಕೆಜಿ ನಾಯಿಯ ಹಗ್ಗ ಹಿಡಿದು ನಡೆಯುವುದು ಬೇಡ. ಬೆಕ್ಕು ಕಂಡು ಅವನು ಒಮ್ಮೆ ಎಳೆದರೆ ಅವರ ಸೊಂಟದ ಮೂಳೆಗೆ ಬರುತ್ತದೆ. ಬೆಳಿಗ್ಗೆ ಸಂಜೆ ಓಡಾಡಿಸಲು ನಂಬಿಕೆಯ ಹುಡುಗ ಒಬ್ಬ, ಮನೆಗೇ ಬರುವ ಡಾಕ್ಟರ್ ಒಬ್ಬರು, ಅತ್ತೆಯವರಿಗೇ ಹುಷಾರಿಲ್ಲದಾಗ ಭೀಮನನ್ನು ನೋಡುವ ಇನ್ನೊಬ್ಬರು, ಇಷ್ಟು ಗೊತ್ತು ಮಾಡಿ ಹೋಗಿ. ಪರೀಕ್ಷೆಯಲ್ಲಿ ಎಲ್ಲ ಸರಿ ಇದ್ದರೆ ನಾನು ಕರೆದುಕೊಂಡು ಹೋಗಿ ಅಂತಲೇ ಹೇಳುತ್ತೇನೆ. ಲ್ಯಾಬ್ರಡಾರ್ ಜಾಗಕ್ಕಿಂತ ಜನಕ್ಕೆ ಹೊಂದಿಕೊಂಡಿರುವ ನಾಯಿ. ಇನ್ನೂ ಮೂರು ನಾಲ್ಕು ವರ್ಷ ಅವನು ನಿಮ್ಮ ಜೊತೆ ಚೆನ್ನಾಗಿ ಇರಬಲ್ಲ.

ಹೊರಡುವ ದಿನ ಸಂಜೆ ಚೆನ್ನಾಗಿ ನಡೆಸಿ. ಕೊನೆಯ ಊಟ ಒಪ್ಪಿಸುವುದಕ್ಕೆ ಆರು ಗಂಟೆ ಮೊದಲು, ಎಂದಿನ ಅರ್ಧದಷ್ಟು. ನೀರು ಕೊನೆಯವರೆಗೂ ಕೊಡಿ. ಭದ್ರತಾ ತಪಾಸಣೆಗೆ ಅವನನ್ನು ಕ್ರೇಟ್‌ನಿಂದ ಹೊರಗೆ ಕರೆಯುತ್ತಾರೆ, ಗಟ್ಟಿ ಕಾಲರ್ ಮತ್ತು ಹಗ್ಗ ನಿಮ್ಮ ಕೈಯಲ್ಲಿರಲಿ. ಮತ್ತೆ ಒಳಗೆ ಬಿಟ್ಟ ಮೇಲೆ ಹಗ್ಗ, ಚೈನು, ಮೂತಿಗೆ ಕಟ್ಟುವ ಬೆಲ್ಟು ಯಾವುದನ್ನೂ ಒಳಗೆ ಬಿಡಬೇಡಿ, ಕುತ್ತಿಗೆಗೆ ಸಿಕ್ಕಿಕೊಳ್ಳುತ್ತದೆ. ಕಾಗದಗಳ ಒಂದು ಪ್ರತಿ ಕ್ರೇಟ್ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಅಂಟಿಸಿ, ಮೂಲ ಪ್ರತಿ ನಿಮ್ಮ ಕೈಚೀಲದಲ್ಲಿ ಇರಲಿ. ಒಪ್ಪಿಸುವಾಗ ತಬ್ಬಿಕೊಂಡು ಅಳಬೇಡಿ. ನಿಮ್ಮ ಗಾಬರಿ ಅವನಿಗೆ ತಕ್ಷಣ ಗೊತ್ತಾಗುತ್ತದೆ. ದಿನಾ ಕೆಲಸಕ್ಕೆ ಹೊರಡುವಾಗ ಹೇಳುವ ಮಾತೇ ಹೇಳಿ, ಹೊರಟುಬಿಡಿ.

ಅಲ್ಲಿ ಇಳಿದ ಮೊದಲ ಒಂದೆರಡು ದಿನ ಬೇಧಿ ಆಗಬಹುದು, ಜಾಸ್ತಿ ನಿದ್ದೆ ಮಾಡಬಹುದು. ಹೆದರಬೇಡಿ. ಎರಡು ದಿನ ದಾಟಿದರೆ, ಅಥವಾ ಊಟ ಬಿಟ್ಟರೆ ಡಾಕ್ಟರಿಗೆ ತೋರಿಸಿ. ಜರ್ಮನಿಯಲ್ಲಿ ನಾಯಿಗೆ ಪುರಸಭೆಯಲ್ಲಿ ಹೆಸರು ನೋಂದಾಯಿಸಿ ವರ್ಷಕ್ಕೊಮ್ಮೆ ತೆರಿಗೆ ಕಟ್ಟಬೇಕು. ನಾಯಿಯಿಂದ ಬೇರೆಯವರಿಗೆ ಹಾನಿಯಾದರೆ ಭರಿಸುವ ವಿಮೆ ಕೆಲವು ರಾಜ್ಯಗಳಲ್ಲಿ ಕಡ್ಡಾಯ, ಕಡ್ಡಾಯ ಇಲ್ಲದ ಕಡೆಯೂ ಮಾಡಿಸಿಬಿಡಿ. ಅಲ್ಲಿನ ಪಶುವೈದ್ಯರ ಹತ್ತಿರ ಯುರೋಪಿಯನ್ ಪೆಟ್ ಪಾಸ್‌ಪೋರ್ಟ್ ಮಾಡಿಸಿ, ಟೈಟರ್ ರಿಪೋರ್ಟ್‌ನ ವಿವರವನ್ನೂ ಅದರಲ್ಲಿ ಬರೆಸಿ. ಮುಂದಿನ ರೇಬೀಸ್ ಲಸಿಕೆಯ ತಾರೀಖು ಒಂದು ದಿನವೂ ಮೀರದ ಹಾಗೆ ನೋಡಿಕೊಂಡರೆ ಆ ರಿಪೋರ್ಟ್ ಭೀಮನ ಜೀವನಪೂರ್ತಿ ನಡೆಯುತ್ತದೆ. ಮೀರಿದರೆ ಚಿಪ್ ಒಂದು ಬಿಟ್ಟು ಉಳಿದದ್ದೆಲ್ಲ ಮೊದಲಿನಿಂದ.